ಜಾಗಟೆ ಬಿದ್ದ ಮೇಲೆ ಬರುವ ದನಿ

ಕೆಮ್ಲಾಯನ್, ಸೋಲೊ
14 ಆಗಸ್ಟ್ 2019

ನನ್ನ ಗೆಂದುಕ್, ನನ್ನ ಪುಟ್ಟಿ ಪಾಲುಪಿಗೆ ಅಮ್ಮನ ಸಲಾಮು.

ಬಾಂಡುಂಗಿನ ಚಳಿಗೆ ನಿನ್ನ ಮೂಗು ಕಟ್ಟಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ನಾನು ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ, ಬೆಕ್ಕು ಮತ್ತೆ ಅಕ್ಕಿ ಡಬ್ಬದ ಹಿಂದೆ ಮರಿ ಹಾಕಿದೆ. ಲೆಬಾರಾನ್ ಹಬ್ಬ ಮುಗಿದ ವಾರಕ್ಕೇ ಬಂದ ನಿನ್ನ ಕಾಗದಕ್ಕೆ ಉತ್ತರ ಈಗ ಹೊರಟಿದೆ. ಬೈಯಬೇಕೆನಿಸಿದರೆ ಬೈದುಕೋ. ಆದರೆ ಇಷ್ಟು ವರ್ಷ ಗಮೆಲಾನ್ ಮೇಳದಲ್ಲಿ ಸಿಂದೆನ್ ಆಗಿ ಕೂತು ಹಾಡಿದವಳು ನಿನ್ನ ಅಮ್ಮ. ನಮ್ಮ ಕಸುಬಿನಲ್ಲಿ ತಡವಾಗಿ ಬರುವುದು ತಪ್ಪಲ್ಲ. ಇವತ್ತು ಬುಧವಾರ ಲೆಗಿ, ಮೂವತ್ತೈದು ದಿನಕ್ಕೊಮ್ಮೆ ಬರುವ ನೀನು ಹುಟ್ಟಿದ ವಾರ. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬಂದೆ. ಇಂಥ ದಿನವೂ ಬರೆಯದೆ ಹೋದರೆ ನನ್ನ ಪಾಲಿನ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕೂತೆ.

ನಿನ್ನ ಕಾಗದವನ್ನು ಬಾಯಿಪಾಠವಾಗುವಷ್ಟು ಸಲ ಓದಿದ್ದೇನೆ. ‘ಇಬು, ಸೆಪ್ಟೆಂಬರ್ ಕೊನೆಗೆ ನಮ್ಮ ತಂಡ ಸೋಲೊಗೆ ಹಾಡೋಕೆ ಬರ್ತಿದೆ. ಮನೆಗೆ ಬರಲಾ, ಲಾಡ್ಜಲ್ಲೇ ಇರಲಾ? ನಾನು ಹೋದ್ಮೇಲೆ ನನ್ನ ಒಂದು ಹಾಡೂ ನೀನು ಕೇಳಿಲ್ಲ. ಫೋನ್ ಮಾಡಿದ್ರೆ ಎತ್ತುತ್ತೀಯ, ಉಸಿರು ಕೇಳ್ಸುತ್ತೆ, ಮಾತಾಡದೆ ಇಟ್ಬಿಡ್ತೀಯ. ನನ್ನ ಹಾಡು ಕೇಳೋ ಮನಸ್ಸಿಲ್ಲ ಅಂದ್ರೆ ಹಾಗಂತ ಬರಿ, ನಾನು ಬರಲ್ಲ.’ ಯಾರ ಮಗಳು ಎಂದು ಯಾರೂ ಕೇಳಬೇಕಾಗಿಲ್ಲ. ಮೇಳದಲ್ಲಿ ನನ್ನ ಪಕ್ಕದ ಜಾಗ ಬಿಟ್ಟು, ಯಂತ್ರ ಕುಟ್ಟುವ ತಾಳಕ್ಕೆ ಹಾಡುತ್ತೇನೆ ಎಂದು ನೀನು ಹೊರಟ ದಿನ, ‘ಆ ಹಾಡು ಈ ಹೊಸ್ತಿಲು ದಾಟಬಾರ್ದು’ ಅಂದಿದ್ದೆ ನಾನು. ‘ಹಾಗಾದ್ರೆ ನಾನೂ ದಾಟಲ್ಲ’ ಅಂದಿದ್ದೆ ನೀನು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವುದು ಸುಮ್ಮನೆ ಅಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟೇ ಕಾಗದ ಮುಗಿಸುತ್ತೇನೆ. ಅದಕ್ಕೆ ಮೊದಲು, ನೀನು ಮನೆಯಲ್ಲಿದ್ದಾಗ ಊಟದ ಹೊತ್ತಿಗೆ ಮಾಡುತ್ತಿದ್ದಂತೆ, ಈಚೆಗೆ ಏನೇನು ಕೇಳಿದೆ ಎಂದು ಹೇಳಬೇಕು. ಹೇಳಿಕೊಳ್ಳುವುದಕ್ಕೆ ನಿನ್ನಂಥ ಕಿವಿ ಈ ಬೀದಿಯಲ್ಲಿ ಇನ್ನೊಂದಿಲ್ಲ.

ಪಾ ತಾರ್ಜೊ ಗೊತ್ತಲ್ಲ, ನಮ್ಮ ಮೇಳದಲ್ಲಿ ದೊಡ್ಡ ಜಾಗಟೆ ಬಾರಿಸುತ್ತಿದ್ದವರು. ಮಂಡಿ ಹಿಡಿದುಕೊಂಡ ಮೇಲೆ ಮೇಳ ಬಿಟ್ಟರು, ಶಬ್ದ ಬಿಡಲಿಲ್ಲ. ಬುಧವಾರದ ಸಂಜೆ ಅವರ ಪಡಸಾಲೆಯಲ್ಲಿ ನಾವು ಕೆಲವರು ಸೇರುತ್ತೇವೆ. ಒಬ್ಬರು ಒಂದು ಆಲ್ಬಂ ತರಬೇಕು, ಕ್ಯಾಸೆಟ್ಟೋ ರೆಕಾರ್ಡೋ ಯಾವುದಾದರೂ ಸರಿ. ಅದರ ಕವರನ್ನು ಬಾತಿಕ್ ಬಟ್ಟೆಯಲ್ಲಿ ಸುತ್ತಿ ತರಬೇಕು. ಎರಡೂ ಬದಿ ಮುಗಿದು, ಎಲ್ಲರೂ ತಮಗನಿಸಿದ್ದನ್ನು ಹೇಳುವ ತನಕ ಬಟ್ಟೆ ಬಿಚ್ಚುವ ಹಾಗಿಲ್ಲ. ನಡುವೆ ಯಾರಾದರೂ ಹೆಸರು ಬಾಯಿಬಿಟ್ಟರೆ ಆ ದಿನದ ಕರಿದ ಬಾಳೆಹಣ್ಣು ಅವರ ಲೆಕ್ಕಕ್ಕೆ. ಹೆಸರು ಗೊತ್ತಾದರೆ ಜನ ಹೆಸರನ್ನು ಕೇಳುತ್ತಾರೆ, ಹಾಡನ್ನು ಕೇಳುವುದಿಲ್ಲ ಎಂಬುದು ಪಾ ತಾರ್ಜೊ ಅವರ ವಾದ. ನಾನು ಮಾತ್ರ ನನ್ನ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಜಾಮು ಕಷಾಯ ಮಾರುವ ಬು ಮುರ್ ಅದನ್ನು ಓದುತ್ತಾಳೆ. ನಿನ್ನ ಅಮ್ಮ ಚೀಟಿ ಬರೆಯುವವಳಾದಳೇ ಎಂದು ನಗಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಹೋದ ತಿಂಗಳು ಬು ಮುರ್ ಒಂದು ಬರ್ಮಾದ ಆಲ್ಬಂ ತಂದಿದ್ದಳು, ಬರಿಯ ಪಿಯಾನೋ. ಮಗಳೇ, ನೀನು ಅದನ್ನು ಕೇಳಬೇಕು. ಬಾರಿಸುವವನು ಎರಡು ಕೈಗಳನ್ನೂ ಒಂದೇ ದಾರಿಯಲ್ಲಿ ಓಡಿಸುತ್ತಾನೆ, ಒಂದು ಕೈ ಬಿಟ್ಟಲ್ಲಿ ಇನ್ನೊಂದು ಹಿಡಿಯುತ್ತದೆ. ನಮ್ಮ ಮೇಳದಲ್ಲಿ ಗೆಂಡೇರಿನ ಕಂಚಿನ ಪಟ್ಟಿಗಳನ್ನು ಬಾರಿಸುವವರು ಅಷ್ಟು ದೂರ ಹೋಗಿ ಪಿಯಾನೋ ಮುಂದೆ ಕೂತರೆ ಹೀಗೇ ಮಾಡುತ್ತಾರೇನೋ. ಆ ಬರ್ಮಾದವರಿಗೆ ಇದನ್ನು ಯಾರು ಹೇಳಿಕೊಟ್ಟರು, ಅಥವಾ ಯಾರೂ ಹೇಳಿಕೊಡದೆ ಹೋದದ್ದರಿಂದಲೇ ಹೀಗೆ ಬಂತೇ? ಬು ಮುರ್ ಮಾತ್ರ, ‘ಒಳಗಿಂದ ಹೆಂಡ್ತಿ ಕೂಗ್ತಿದ್ದಾಳೆ ಅನ್ಸುತ್ತೆ, ಅದಕ್ಕೇ ಈ ಅವಸರ’ ಅಂದಳು.

ಅದರ ಮುಂದಿನ ವಾರ ಪಾ ತಾರ್ಜೊ ಸುಂಬಾ ದ್ವೀಪದ ತಂತಿವಾದ್ಯದ ಕ್ಯಾಸೆಟ್ ಹಾಕಿದರು. ಯಾರದೋ ಅಂಗಳದಲ್ಲಿ ಕೂತು ಮಾಡಿದ್ದು. ಕೋಳಿ ಇದೆ, ಹಂದಿ ಇದೆ, ಜೋಳ ಕುಟ್ಟುವ ಸದ್ದಿದೆ. ಒಂದು ಕಡೆ ನಾಯಿ ಬೊಗಳುತ್ತದೆ, ಬಾರಿಸುವವನು ನಿಲ್ಲಿಸಿ ಕಾಯುತ್ತಾನೆ, ನಾಯಿ ಸುಮ್ಮನಾದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಾನೆ. ಅದನ್ನು ಕತ್ತರಿಸಿ ತೆಗೆಯದ ಪುಣ್ಯಾತ್ಮ ಯಾರೋ. ಆ ಕಾಯುವ ಜಾಗವೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ಇನ್ನು ಹೋದ ಬುಧವಾರದ ವಿಷಯ. ಮಾಸ್ ಗಿಲಾಂಗ್ ಎಂಬ ಲೆಕ್ಕದ ಮೇಷ್ಟ್ರು ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದಾನೆ. ಅವನು ಜೋಗ್ಜಾ ಪೇಟೆಯಲ್ಲಿ ಕೊಂಡ ಒಂದು ಕ್ಯಾಸೆಟ್ ತಂದ, ಕವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಗುಂಡಿ ಒತ್ತಿದ. ಯಂತ್ರ ಕುಟ್ಟಲು ಶುರುವಾಯಿತು, ಅದರ ಹಿಂದೆ ಏನೋ ಚುರುಗುಟ್ಟುವ ಸದ್ದು. ಬು ಮುರ್ ಎದ್ದು ಕಷಾಯದ ಕೆಟಲ್ ಕಡೆ ಹೊರಟಳು. ಆಮೇಲೆ, ಹಾಡಿಗೂ ಮೊದಲು, ಹಾಡುವವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಾಯಿಂದ ಎಳೆದುಕೊಂಡಿದ್ದಳು.

ಮೂಗಿನಿಂದ ಎಳೆ ಎಂದು ನಾನು ಎಷ್ಟು ವರ್ಷ ಬಡಿದುಕೊಂಡೆ ಹೇಳು. ನನ್ನ ಮಾತು ಯಾವತ್ತು ಕೇಳಿದ್ದೀಯೆ.

ಹಾಡು ಶುರುವಾಗುವ ಮೊದಲೇ ನನಗೆ ಗೊತ್ತಾಯಿತು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಹೆಸರು ಹೇಳಬಾರದೆಂಬ ನಿಯಮ ಇತ್ತಲ್ಲ, ಅದರ ಹಿಂದೆ ಅಡಗಿ ಕೂತೆ. ಅಲ್ಲಿ ಹಾಡುತ್ತಿದ್ದವಳು ಯಾರ ಮಗಳೂ ಅಲ್ಲ, ಅದು ನನ್ನ ಮನೆಯ ಹೊಸ್ತಿಲೂ ಅಲ್ಲ. ಯಾರೋ ಒಬ್ಬ ಹುಡುಗಿಯ ಹಾಡು ಕೇಳುವಂತೆ ನಿನ್ನನ್ನು ಕೇಳಿದೆ. ಎದುರಿಗೆ ಕೂತ ಪಾ ತಾರ್ಜೊಗೂ ಎರಡನೇ ಹಾಡಿನ ಹೊತ್ತಿಗೆ ಗೊತ್ತಾಗಿಹೋಗಿತ್ತು. ಪಾಪ, ಬಾಯಿ ತೆರೆಯುವಂತಿಲ್ಲ. ನನ್ನ ಕಡೆ ನೋಡುವುದು, ಕೆಮ್ಮುವುದು, ಛಾವಣಿ ನೋಡುವುದು, ಇದೇ ಆಯಿತು. ‘ಏನ್ ಪಾ, ಮೆಣಸಿನಕಾಯಿ ನೆತ್ತಿಗೆ ಹತ್ತಿತಾ?’ ಎಂದು ಬು ಮುರ್ ನೀರು ತಂದುಕೊಟ್ಟಳು.

ಕೊನೆಯ ಹಾಡಿಗೆ ಜಗಳ ಶುರುವಾಯಿತು. ಅದೇ, ಬಾವಿಯ ಹತ್ತಿರ ನಿಂತು ಯಾರನ್ನೋ ಕರೆಯುವ ಹಾಡು. ಮಾಸ್ ಗಿಲಾಂಗ್ ತಲೆ ಕೊಡವಿದ. ‘ಇದೊಂದು ಹಾಡು ಕೆಟ್ಟಿದೆ ನೋಡಿ. ಪ್ರತಿ ಸಾಲಿನ ಕೊನೇಲೂ ಹಿಂದೆ ಬೀಳ್ತಾಳೆ. ತಾಳ ಬಂದು ನಿಂತಿದೆ, ಇವಳಿನ್ನೂ ದಾರೀಲಿದ್ದಾಳೆ. ಈ ಕಾಲದಲ್ಲಿ ಅದನ್ನ ಸರಿಮಾಡೋದು ಎಷ್ಟೊತ್ತಿನ ಕೆಲಸ, ಯಾಕೆ ಬಿಟ್ರೋ.’

ನನಗೆ ಮೈ ಉರಿಯಿತು. ಚೀಟಿ ಬರೆಯುವಷ್ಟು ತಾಳ್ಮೆ ಇರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸು ಎಂದು ಕೈಸನ್ನೆ ಮಾಡಿದೆ. ಹಾಡು ಮತ್ತೆ ಶುರುವಾಯಿತು. ಮೊದಲ ಸಾಲು ಮುಗಿಯುವ ಕಡೆ, ಮೇಳವಾಗಿದ್ದರೆ ದೊಡ್ಡ ಜಾಗಟೆ ಎಲ್ಲಿ ಬೀಳುತ್ತಿತ್ತೋ ಅಲ್ಲಿ, ಚಮಚದಿಂದ ಲೋಟಕ್ಕೆ ಒಂದು ಬಡಿದೆ. ಬಡಿದ ಮೇಲೆ ನಿನ್ನ ದನಿ ನಿಧಾನಕ್ಕೆ ಬಂದು ಆ ಸ್ವರದ ಮೇಲೆ ಕೂತಿತು. ಎರಡನೇ ಸಾಲಿಗೆ ಪಾ ತಾರ್ಜೊ ತಡೆದುಕೊಳ್ಳಲಾಗದೆ ತಟ್ಟೆ ಎತ್ತಿಕೊಂಡರು. ಮೂರನೆಯದಕ್ಕೆ ಇಬ್ಬರೂ ಕೂಡಿ ಬಡಿದೆವು. ಪ್ರತಿ ಸಲವೂ ನೀನು ಜಾಗಟೆಯ ಆಚೆಗೆ ಬಂದೆ, ಬರಬೇಕಾದಷ್ಟೇ ತಡವಾಗಿ.

‘ತಿಳೀತಾ ಮೇಷ್ಟ್ರೇ?’ ಎಂದರು ಪಾ ತಾರ್ಜೊ. ‘ಮದುವೆ ಮನೆಗೆ ದೊಡ್ಡತ್ತೆ ಬರೋ ಹಾಗೆ. ಎಲ್ರೂ ಕೂತ್ಮೇಲೇ ಅವ್ಳು ಬರೋದು, ಆದ್ರೆ ಅವ್ಳ ಜಾಗ ಖಾಲಿನೇ ಇರುತ್ತೆ. ಸಿಂದೆನ್ ಹಾಡೋದೇ ಹಾಗೆ.’

‘ಇದು ಯಂತ್ರದ ತಾಳ ಅಲ್ವಾ ಪಾ? ಇದ್ರಲ್ಲಿ ಜಾಗಟೆ ಎಲ್ಲಿದೆ?’

‘ಅವ್ಳಿಗೆ ಒಳಗೆ ಕೇಳ್ತಾ ಇದೆ ಕಣಯ್ಯ’ ಎಂದರು ಅವರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಕಷಾಯದ ಒಲೆಯ ಹೊಗೆಯಿಂದ ಕಣ್ಣುರಿ ಎಂದುಕೊಂಡಿರಬೇಕು, ಬು ಮುರ್ ಕಿಟಕಿ ತೆಗೆದಳು.

ಬಟ್ಟೆ ಬಿಚ್ಚಿದರು. ಕವರಿನ ಮೇಲೆ ಯಾರೋ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಾಳೆ, ಮೈಮೇಲೆ ನನ್ನ ಹಸಿರು ಕೆಬಾಯಾ ರವಿಕೆ. ನೀನು ಹೋದಾಗಿನಿಂದ ಅದಕ್ಕಾಗಿ ಪೆಟ್ಟಿಗೆ ತಡಕಾಡಿದ್ದೇನೆ, ಇಲಿ ತಿಂದಿತು ಎಂದು ಕೈಬಿಟ್ಟಿದ್ದೆ. ಈ ಇಲಿಗೆ ಬಾಂಡುಂಗಿನಲ್ಲಿ ಬಾಡಿಗೆ ಕೋಣೆ ಇದೆ ಎಂದು ಈಗ ತಿಳಿಯಿತು. ‘ಇವ್ರ ಮಗಳು ಕಣಯ್ಯ ಅದು’ ಎಂದು ಪಾ ತಾರ್ಜೊ ಕೊನೆಗೂ ಬಾಯಿಬಿಟ್ಟಾಗ ಮಾಸ್ ಗಿಲಾಂಗ್ ಎದ್ದು ನಿಂತುಬಿಟ್ಟ. ಅವತ್ತಿನ ಕರಿದ ಬಾಳೆಹಣ್ಣು ತಾನೇ ಕೊಡಿಸಿದ, ನಿಯಮ ಯಾರೂ ಮುರಿದಿರಲಿಲ್ಲ.

ಕ್ಯಾಸೆಟ್ ಈಗ ನನ್ನ ಹತ್ತಿರ ಇದೆ, ಹೊಸ್ತಿಲು ದಾಟಿ ಬಂದಿದೆ. ಕೇಳಬೇಕಾದ್ದು ಬಹಳ. ಆ ಚುರುಗುಟ್ಟುವ ಸದ್ದು ಯಾವುದು? ತೆಂಪೆ ಕರಿಯುವುದು ಎಂದು ನಾನು, ರೇಡಿಯೋ ಕೊರೆತ ಎಂದು ಪಾ ತಾರ್ಜೊ. ಮೂರನೇ ಹಾಡಿನಲ್ಲಿ ಬ್ರೆಡ್ ಗಾಡಿಯವನ ಹಾರ್ನ್ ತಿರುಗುಮುರುಗಾಗಿ ಕೇಳಿದಂತಾಯಿತು, ಹೌದೇ? ಅದನ್ನು ಹೇಗೆ ಮಾಡುತ್ತಾರೆ? ಯಂತ್ರಕ್ಕೆ ದಣಿವಾಗುವುದಿಲ್ಲವಲ್ಲ, ಅದರ ಎದುರು ಹಾಡುವಾಗ ಭಯವಾಗುವುದಿಲ್ಲವೇ? ಐದನೆಯ ಹಾಡು ನನಗೆ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಅಲ್ಲಿ ನೀನು ದನಿಯನ್ನು ಸಣ್ಣದು ಮಾಡಿಕೊಂಡು ಬೇರೆ ಯಾರದೋ ದನಿಯಲ್ಲಿ ಹಾಡಿದ್ದೀಯೆ. ಬೇರೆಯವರ ಕೆಬಾಯಾ ಕದ್ದರೆ ಪರವಾಗಿಲ್ಲ, ದನಿ ಕದಿಯಬೇಡ.

ನಿನ್ನ ಪ್ರಶ್ನೆಗೆ ಉತ್ತರ: ಮನೆಗೆ ಬಾ. ತಂಡದವರನ್ನೂ ಕರೆದುಕೊಂಡು ಬಾ, ಯಂತ್ರವನ್ನೂ ತಾ. ಅದನ್ನು ಮುಂದಿನ ಕೋಣೆಯಲ್ಲಿ ಇಡೋಣ, ಬೆಕ್ಕಿನ ಮರಿಗಳಿಂದ ದೂರ. ಹಾಡುವ ದಿನ ಮುಂದಿನ ಸಾಲಿನಲ್ಲಿ ನಾವು ನಾಲ್ವರೂ ಕೂರುತ್ತೇವೆ. ಉಸಿರು ಮೂಗಿನಿಂದ ಎಳೆದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಕುಡಿಯಬೇಡ. ನಿನ್ನ ದಾರಿ ತಂಪಾಗಿರಲಿ, ನಿನ್ನ ದನಿಗೆ ದೇವರು ಆಯಸ್ಸು ಕೊಡಲಿ.

ನಿನ್ನ ಅಮ್ಮ,
ಸುಕೆಸಿ

ತಾ.ಕ.: ಕವರಿನ ಒಳಮಡಿಕೆಯಲ್ಲಿ ನೀನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದನ್ನು ಮಾಸ್ ಗಿಲಾಂಗ್ ಗಟ್ಟಿಯಾಗಿ ಓದಿದ: ‘ನನ್ನ ಅಮ್ಮನ ದನಿಯ ನೆನಪಿಗೆ.’ ಬದುಕಿರುವವಳಿಗೆ ಹೀಗೆ ಬರೆಯುತ್ತಾರೆಯೇ ಎಂದು ಮೊದಲು ಸಿಟ್ಟು ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನೀನು ಗೊತ್ತಿಲ್ಲದೆಯೇ ನಿಜ ಬರೆದಿದ್ದೀಯೆ. ಹೋದ ವರ್ಷ ನನ್ನ ಗಂಟಲಲ್ಲಿ ಗಂಟು ಕಂಡಿತು, ಕೊಯ್ದು ತೆಗೆದರು. ಜೀವಕ್ಕೆ ಏನೂ ಇಲ್ಲ ಅಂದಿದ್ದಾರೆ, ಹೆದರಬೇಡ. ದನಿ ಮಾತ್ರ ಹೋಯಿತು. ಈಗ ಪಿಸುಗುಟ್ಟಿದರೂ ಎದುರಿಗೆ ಕೂತವರಿಗೇ ಸರಿಯಾಗಿ ಕೇಳುವುದಿಲ್ಲ, ಫೋನಿನಲ್ಲಿ ಹೇಗೆ ಕೇಳೀತು? ನೀನು ‘ಇಬು, ಇಬು’ ಎನ್ನುವುದನ್ನು ಕೇಳಬೇಕೆಂದು ಎತ್ತುತ್ತಿದ್ದೆ, ಉತ್ತರ ಕೊಡಲಾಗದೆ ಇಡುತ್ತಿದ್ದೆ. ಅದು ಸಿಟ್ಟಲ್ಲ ಮಗಳೇ. ಪಾಪ ಎಂದುಕೊಂಡು ನೀನು ಹಾಡು ಬಿಟ್ಟು ಓಡಿ ಬಂದೀಯೆಂದು ಪಾ ತಾರ್ಜೊಗೂ ಬು ಮುರ್‌ಗೂ ಆಣೆ ಹಾಕಿಸಿ ಬಾಯಿ ಕಟ್ಟಿದ್ದೆ. ಅಷ್ಟು ವರ್ಷ ಹಾಡಿದೆ, ನನ್ನ ಹಾಡಿನ ಒಂದು ಕ್ಯಾಸೆಟ್ಟನ್ನೂ ಯಾರೂ ಮಾಡಿಕೊಳ್ಳಲಿಲ್ಲ. ನನ್ನ ದನಿ ಇನ್ನು ಎಲ್ಲೂ ಇಲ್ಲ ಎಂದುಕೊಂಡಿದ್ದೆ. ನಿನ್ನ ಕೊನೆಯ ಹಾಡಿನಲ್ಲಿ, ಸಾಲು ಮುಗಿಯುವ ಕಡೆ, ಇದೆ.

ಈ ಕಾಗದ ತಲುಪಿದ ಮೇಲೆ ಒಂದು ಫೋನ್ ಮಾಡು. ಮಾತಾಡಬೇಡ, ಆ ಹಾಡು ಹಾಡು. ಸಾಲಿನ ಕೊನೆಗೆ ನಾನು ಚಮಚದಿಂದ ಲೋಟಕ್ಕೆ ಒಂದು ಬಡಿಯುತ್ತೇನೆ. ಅದು ಕೇಳಿಸಿದ ಮೇಲೆ, ನಿಧಾನಕ್ಕೆ, ನೀನು ಬಾ.