ತಾನೇ ಹೋಗುವ ಪೇಜು

ಜೂನ್ ೭, ೧೯೯೯, ಸೋಮವಾರ. ಬೆಳಿಗ್ಗೆ ೬.೩೦

ಒಲೆ ಮೇಲೆ ಹಾಲು. ಫೋನಿನ ವೈರು ಕಂಪ್ಯೂಟರ್‌ಗೆ ಚುಚ್ಚಿ, ಮೋಡೆಮ್ ಕಿರುಚಾಟ ಮುಗಿಯುವವರೆಗೆ ಕಾದೆ. ಬೇಕಿದ್ದದ್ದು ಗಣಿತದ ಒಗಟುಗಳ ಪೇಜು, ಹತ್ತನೇ ಕ್ಲಾಸಿನ ಹುಡುಗಿಯರಿಗೆ. ಬಂದದ್ದು ಜೂಜಿನ ಪೇಜು. ಎರಡು ವಾರದಿಂದ ಹೀಗೇ. ಮೊದಲಿಗೆ ತೆರೆಯುವ ಹೋಂ ಪೇಜ್ ಸರಿಮಾಡಿ, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ.

ಕೃತಿಕಾಗೂ ಗೊತ್ತಾಗುತ್ತಿಲ್ಲ. ಮಗಳು ಎಂ.ಸಿ.ಎ. ಎಂಟ್ರೆನ್ಸ್ ಬರೆದು ಕೂತಿದ್ದಾಳೆ. ರಿಸಲ್ಟ್ ಇಂಟರ್‌ನೆಟ್‌ನಲ್ಲೇ ಬರುತ್ತದಂತೆ.

ಹಾಲು ಉಕ್ಕಿತು. ಹರಿಹರದ ಬಸ್ಸು ತಪ್ಪಿದರೆ ಫಸ್ಟ್ ಪಿರಿಯಡ್ ಹೋಯಿತು...

ಜೂನ್ ೯, ಬುಧವಾರ. ಸಂಜೆ

ಅಡಿಗೆ ಆಮೇಲೆ. ಮೊದಲು ಇದನ್ನು ಬರೆಯುತ್ತೇನೆ.

ವಾಮದೇವಪ್ಪ ಭಾವ ಬಂದಿದ್ದರು, ಅವರ ಹೆಂಡತಿ ಗಿರಿಯಮ್ಮಕ್ಕನೂ ಜೊತೆಗೆ. ನಮ್ಮನೆಯವರು ತೀರಿಕೊಂಡ ಮೇಲೆ ಮನೆಗೆ ಹಿರಿಯರು ಭಾವನೇ. ಮಲೆಬೆನ್ನೂರಿನಲ್ಲಿ ಅಕ್ಕಿ ಗಿರಣಿ. ಇಂಟರ್‌ನೆಟ್‌ನಲ್ಲಿ ಅಕ್ಕಿ ರೇಟು ಸಿಗುತ್ತದಂತಲ್ಲ, ತೋರಿಸು ಎಂದರು. ಕೃತಿಕಾ ಕನೆಕ್ಟ್ ಮಾಡಿದಳು. ಇವತ್ತು ಜೂಜು ಅಲ್ಲ. ಬಟ್ಟೆಯಿಲ್ಲದ ಹೆಂಗಸರು. ಒಂದು ಮುಚ್ಚಿದರೆ ಮೂರು.

"ಏನವ್ವಾ ಇದು? ಇದನ್ನೇನು ನೀನು ದಿನಾ ನೋಡೋದು?"

"ನಾನಲ್ಲ ದೊಡ್ಡಪ್ಪ. ಅದು ತಾನೇ ಹೋಗ್ತೈತೆ."

"ಯಾರೂ ಮುಟ್ಟದೆ ತಾನೇ ಹೆಂಗೆ ಹೋಗ್ತೈತೆ? ಮರುಳಸಿದ್ದಮ್ಮ, ಭಾನುವಾರದೊಳಗೆ ಈ ಡಬ್ಬಿ ಮನೆಯಿಂದ ಹೋಗ್ಬೇಕು. ಇವಳು ಓದಿದ್ದೂ ಸಾಕು."

ಕೃತಿಕಾ ಅಳಲಿಲ್ಲ. ಗೋಡೆ ನೋಡುತ್ತಾ ನಿಂತಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಭಾವಾರೆ, ಮನೆ ನಂದು. ಡಬ್ಬಿ ನಂದು. ಮಗಳೂ ನನ್ನವಳೇ. ಭಾನುವಾರ ಬರ್ರಿ, ಇದು ಹೆಂಗೆ ಆಗೈತೆ ಅಂತ ತೋರಿಸ್ತೀನಿ."

ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು.

ಅವರು ಹೋದ ಮೇಲೆ, ಕೃತಿಕಾ ಸ್ನಾನಕ್ಕೆ ಹೋದಾಗ, ಕಂಪ್ಯೂಟರ್‌ನಲ್ಲಿ ನೋಡಿದ ಪೇಜುಗಳ ಹಿಸ್ಟರಿ ತೆಗೆದು ಒಂದೊಂದೇ ನೋಡಿದೆ. ಅವಳ ಬ್ಯಾಗನ್ನೂ. ತಾನೇ ಬಂದ ಪೇಜುಗಳು ಬಿಟ್ಟರೆ ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ಸಮಾಧಾನವಾಯಿತಲ್ಲ — ಥೂ ನನ್ನ.

ಜೂನ್ ೧೦

ಪಿ.ಜೆ. ಬಡಾವಣೆಯ ಕಂಪ್ಯೂಟರ್ ಅಂಗಡಿ. ಸರ್ವಿಸ್‌ನವನು ನಕ್ಕ. "ಮೇಡಂ, ಮನ್ಯಾಗೆ ವಯಸ್ಸಿನ ಮಕ್ಕಳು ಅದಾರೇನ್ರಿ?"

ನಾನು ನಗಲಿಲ್ಲ.

"ಫಾರ್ಮ್ಯಾಟ್ ಹೊಡೆದುಬಿಡ್ತೀನಿ ಬಿಡ್ರಿ. ಎಲ್ಲಾ ಅಳಿಸಿ ಹೋಗ್ತೈತೆ."

ಎಲ್ಲಾ ಅಳಿಸಿದರೆ ಯಾರು ಮಾಡಿದ್ದು ಎಂಬುದೂ ಅಳಿಸುತ್ತದೆ. ತಪ್ಪು ಒಪ್ಪಿಕೊಂಡು ಒರೆಸಿದ ಹಾಗೆ. ಬ್ಯಾಡ ಎಂದು ಎದ್ದು ಬಂದೆ.

ಜೂನ್ ೧೧. ಸ್ಟಾಫ್ ರೂಮ್, ಲೀಷರ್ ಪಿರಿಯಡ್

ನಮ್ಮ ವಿಜ್ಞಾನದ ಟೀಚರ್ ನುಜತ್‌ಗೆ ಎಲ್ಲ ಹೇಳಿದೆ. ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುವವಳು. ಅವಳೂ ನಗಲಿಲ್ಲ.

"ಸರಿಮಾಡಿದ್ರೂ ಮತ್ತೆ ಬರ್ತೈತೆ ಅಂದ್ರೆ ಒಳಗೆ ಯಾವುದೋ ಪ್ರೋಗ್ರಾಂ ಕೂತೈತೆ ಟೀಚರ್. ಆನ್ ಮಾಡಿದಾಗೆಲ್ಲ ತಾನೇ ಎದ್ದು ಹೋಂ ಪೇಜ್ ತಿರುಗಿಸ್ತೈತೆ. ‘ರನ್’ಗೆ ಹೋಗಿ ಎಂಎಸ್‌ಕಾನ್ಫಿಗ್ ಅಂತ ಹೊಡೀರಿ. ಸ್ಟಾರ್ಟಪ್‌ನಾಗೆ ಪಟ್ಟಿ ಐತೆ. ಒಂದೊಂದೇ ಟಿಕ್ ತೆಗೆದು ನೋಡ್ರಿ. ಗಣಿತದವರಿಗೆ ನಾನೇನು ಹೇಳ್ಲಿ!"

ಸ್ಪೆಲ್ಲಿಂಗ್ ಅಂಗೈ ಮೇಲೆ ಬರೆದುಕೊಂಡೆ.

ಜೂನ್ ೧೨, ಶನಿವಾರ. ಮಧ್ಯಾಹ್ನ

ಹನ್ನೊಂದು ಟಿಕ್. ಒಂದು ತೆಗೆ, ಹೋಂ ಪೇಜ್ ಸರಿಮಾಡು, ರೀಸ್ಟಾರ್ಟ್, ನೋಡು. ಏಳನೆಯದು ತೆಗೆದಾಗ ನಾನು ಹಾಕಿದ ಹೋಂ ಪೇಜೇ ಉಳಿಯಿತು! ಟಿಕ್ ವಾಪಸ್ ಹಾಕಿದೆ — ಹಾಳು ಪೇಜು ಬಂತು. ತೆಗೆದೆ — ಇಲ್ಲ. ಎರಡು ಸಲ ತಾಳೆ ನೋಡಿದೆ.

ಆ ಏಳನೆಯ ಪ್ರೋಗ್ರಾಮಿನ ಫೈಲು ಬಂದ ತಾರೀಖು ಮೇ ೨೩, ಭಾನುವಾರ, ಬೆಳಿಗ್ಗೆ ೧೧.೨೦. ಕೃತಿಕಾ ಅವತ್ತು ಶಿವಮೊಗ್ಗದಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಕುಣಿಯುವಷ್ಟು ಖುಷಿ. ಹಾಗಾದರೆ ಯಾರು? ಇದೇ ಡೈರಿ ಹಿಂದಕ್ಕೆ ತಿರುವಿದೆ. ಮೇ ೨೩ರ ಪುಟ, ನನ್ನದೇ ಅಕ್ಷರ: "ಹೂವಿನ ಚಿತ್ರಗಳ ಪ್ರೋಗ್ರಾಂ ಫ್ರೀ ಸಿಕ್ಕಿತು, ಹಾಕಿಕೊಂಡೆ. ಬಹಳ ಚೆನ್ನಾಗಿದೆ."

ನಾನೇ.

ವೈರಸ್ ಅಂದುಬಿಟ್ಟರೆ ಮುಗಿಯಿತು, ಯಾರು ಕೇಳುತ್ತಾರೆ? ಡೈರಿ ಮುಚ್ಚಿಟ್ಟೆ, ಮತ್ತೆ ತೆಗೆದೆ. ಆಮೇಲೆ ಕೃತಿಕಾಳನ್ನು ಕರೆದು ಎಲ್ಲ ಹೇಳಿದೆ. ಹಿಸ್ಟರಿ, ಬ್ಯಾಗು — ಅದನ್ನೂ.

"ಅವತ್ತು ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತಮ್ಮ" ಅಂದಳು. "ದೊಡ್ಡಪ್ಪ ಅಂದಿದ್ದಕ್ಕಿಂತ ಅದೇ ಜಾಸ್ತಿ ನೋವಾಗಿತ್ತು."

ಜೂನ್ ೧೩, ಭಾನುವಾರ

ಬಂದರು. ಕುರ್ಚಿ ಹಾಕಿ ಇಬ್ಬರನ್ನೂ ಕಂಪ್ಯೂಟರ್ ಎದುರಿಗೇ ಕೂರಿಸಿದೆ. ಟಿಕ್ ಹಾಕಿ ತೋರಿಸಿದೆ, ತೆಗೆದು ತೋರಿಸಿದೆ. ತಾರೀಖು ತೋರಿಸಿದೆ.

"ಇದನ್ನ ಹಾಕಿದ್ದು ನಾನು ಭಾವಾರೆ. ಈಗ ನನ್ನ ಕೆಲಸ ಬಿಡಿಸ್ತೀರೇನು?"

ಅವರು ತಡವರಿಸಿದರು. "ನೀನು ಗೊತ್ತಿಲ್ದೆ ಹಾಕಿರ್ತೀ, ಬಿಡು."

"ನಾನು ಮಾಡಿದ್ರೆ ಗೊತ್ತಿಲ್ದೆ. ಅವಳಾದ್ರೆ ಬೇಕಂತ?"

ಗಿರಿಯಮ್ಮಕ್ಕ ಗಂಡನ ಕಡೆ ತಿರುಗಿದರು. "ಮಗೀಗೆ ಒಂದು ಮಾತು ಹೇಳ್ರಿ."

ಭಾವ ನನ್ನ ಕಡೆಗೇ ತಿರುಗಿ, "ಡಬ್ಬಿ ಇರ್ಲಿ ಬಿಡು, ಓದ್ಲಿ" ಎಂದು ಎದ್ದರು.

"ಇರ್ಲಿ ಅನ್ನೋಕೆ ನಿಮ್ಮನ್ನ ಕರೆದಿಲ್ಲ. ಅವಳಿಗೆ ಹೇಳೋದು ಬಾಕಿ ಐತೆ."

ಟೀ ಮುಟ್ಟದೆ ಹೋದರು. ಹೋಗಲಿ. ಆ ಪ್ರೋಗ್ರಾಂ ಅಳಿಸುವ ಬಟನ್ ಕೃತಿಕಾ ಕೈಯಲ್ಲೇ ಒತ್ತಿಸಿದೆ.

ಜೂನ್ ೧೭, ಗುರುವಾರ. ಸಂಜೆ ೬

ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಗೇಟಿನ ಸದ್ದು. ಭಾವ. ಒಬ್ಬರೇ.

"ಕೃತಿಕಾ ಅದಾಳೇನವ್ವಾ?"

ಅವಳೇ ಎದ್ದು ಹೋದಳು. ನಾನು ಹೋಗುವುದಿಲ್ಲ. ಇದು ಅವರಿಬ್ಬರ ಮಾತು. ಆದರೆ ಕಿಟಕಿ ತೆರೆದೇ ಇದೆ, ಕೇಳಿಸುತ್ತದೆ. ಕೆಮ್ಮಿದರು. ಕೂತುಕೊಳ್ಳಿ ಅಂದಳು, ಕೂರಲಿಲ್ಲ. "ನೋಡವ್ವಾ, ಅವತ್ತು ನಾನು ಅಂದಿದ್ದು ತಪ್ಪು—" ಉಳಿದದ್ದು ಅವಳಿಗೇ; ಕಿಟಕಿ ಮುಚ್ಚುತ್ತೇನೆ.