ಹಿತ್ತಿಲಿಗೆ ಬಂದ ಗೇರು

29-3-2009, ರವಿವಾರ, ಬ್ಯಾಡಗಿ

ಗದಿಗೆವ್ವನ ತುಟಿ ಇನ್ನೂ ಊದಿಕೊಂಡೇ ಇದೆ. ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ಹಿತ್ತಿಲ ಗೇರುಮರ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಹಣ್ಣು ಬಿಟ್ಟಿದ್ದನ್ನು ನೋಡಲು ಪಕ್ಕದ ಮನೆಯಿಂದ ಬಂದವಳು, ಶೇಂಗಾ ಒಡೆದಂತೆ ಹಸಿ ಬೀಜವನ್ನು ಹಲ್ಲಿನಲ್ಲಿ ಕಡಿದುಬಿಟ್ಟಳು. ಸಿಪ್ಪೆಯ ಎಣ್ಣೆ ಸುಟ್ಟಿತು.

"ಇದೇನರಿ ಅಕ್ಕೋರ, ನಮ್ಮ ಮೆಣಸಿನಕಾಯಿನೂ ಹಿಂಗ ಸುಡೂದಿಲ್ಲ" ಎಂದಳು. ಕೊಬ್ಬರಿ ಎಣ್ಣೆ ಹಚ್ಚಿದೆ. ಮೊದಲು ನಗು ಬಂತು, ಆಮೇಲೆ ಅಳು. ನನ್ನ ತವರು ಹೊನ್ನಾವರದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಬೀಜವನ್ನು ಬೆಂಕಿಯಲ್ಲಿ ಸುಟ್ಟೇ ಒಡೆಯಬೇಕೆಂದು.

ಇಲ್ಲಿ ಮೊದಲೆಲ್ಲ ಹೂವು ಚಳಿಗೆ ಉದುರಿಹೋಗುತ್ತಿತ್ತು. ಈಚೆಗೆ ಆ ಚಳಿಯೇ ಇಲ್ಲ. ಹೊನ್ನಾವರದಲ್ಲೋ ಈಗ ಹೂ ಬಿಡುವ ಹೊತ್ತಿಗೇ ಮೋಡ, ಮಳೆ. ಮೂರು ವರ್ಷದಿಂದ ಹೂವು ಕರಿಯಾಗಿ ಉದುರಿ ಫಸಲು ಇಳಿಯುತ್ತಲೇ ಬಂದಿದೆ.

ಸಂಜೆ ತವರಿನಿಂದ ಅಣ್ಣ, ನಮ್ಮ ಭಾಯಿ, ಫೋನ್ ಮಾಡಿದ್ದರು. ಅಮ್ಮಿ ನೆಟ್ಟ ಗೇರುಗುಡ್ಡವನ್ನು ಕಡಿಸಿ ರಬ್ಬರ್ ಹಾಕುತ್ತಾರಂತೆ. ನನ್ನ ಈ ಮರವೂ ಆ ಗುಡ್ಡದ ಬೀಜದ್ದೇ. ಮದುವೆಯಾದಾಗಿನಿಂದ ಪ್ರತಿ ಬೇಸಿಗೆ ಭಾಯಿ ಶಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೊಂದು ಗಂಟು ಬೀಜ ಕಳಿಸುತ್ತಿದ್ದರು.

"ಈ ಸಲ ಕಳಿಸೂಕೆ ಏನೂ ಇಲ್ಲ" ಎನ್ನುವಾಗ ಅವರ ದನಿ ಸಣ್ಣದಾಯಿತು. "ನಿನ್ನ ಮರದಲ್ಲಿ ಏನಾದ್ರೂ ಬಂತಾ?"

"ಇಲ್ಲ ಭಾಯಿ" ಎಂದೆ.

ಬುಟ್ಟಿಯ ತುಂಬ ಬೀಜ ಇದೆ. ಒಂದನ್ನೂ ಸುಟ್ಟಿಲ್ಲ. ಅದೇ ಬಸ್ಸಿಗೆ ಕೊಟ್ಟು ಕಳಿಸಬಹುದು. ಆದರೆ ತವರಿನಿಂದ ಬರಬೇಕಾದ ಗಂಟನ್ನು ನಾನೇ ತವರಿಗೆ ಹೇಗೆ...

ಈ ಮರ ಕಾಯಿ ಬಿಡಲಿ ಎಂದು ಇಷ್ಟು ವರ್ಷ ಬೇಡಿಕೊಂಡವಳು ನಾನೇ. ಆ ಗಂಟಿನ ಬದಲಿಗೆ ಬಿಡಲಿ ಎಂದು ಬೇಡಿರಲಿಲ್ಲ.