ಅಪ್ಪನ ಹೆಸರಿನ ಹರುಕು

ನನ್ನಪ್ಪನಿಗೆ,

ಅಮೆರಿಕದ ಫಾಲ್ ರಿವರ್‌ನ ಮಣ್ಣಿನಲ್ಲಿ ನೀನು ಮಲಗಿದ್ದೀಯ. ನಿನ್ನ ಮೊಮ್ಮಗಳು, ನನ್ನ ಮಗಳು ಇನೇಶ್, ನೀನು ಬಿಟ್ಟುಬಂದ ಪೋರ್ಚುಗಲ್‌ನಲ್ಲಿ, ಕೊಯಿಂಬ್ರಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಹೀಗೆ ಬರೆದ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ.

ಆ ವಿಶ್ವವಿದ್ಯಾಲಯದಿಂದ ಮೊದಲು ಬಂದ ಉತ್ತರ ನಿನಗೆ ನೆನಪಿರಬೇಕು. ಅಮೆರಿಕದಲ್ಲಿ ಹುಟ್ಟಿದವಳಲ್ಲವೇ ಎಂದು ನಾವು ಹೊರದೇಶದವರ ಸೀಟಿಗೆ ಅರ್ಜಿ ಹಾಕಿದ್ದೆವು. ನಿನ್ನಿಂದ ಅವಳಿಗೂ ಬಂದ ಪೋರ್ಚುಗಲ್ ಪೌರತ್ವ ಬರೀ ಪಾಸ್‌ಪೋರ್ಟಿನ ಮಾತು ಅಂದುಕೊಂಡಿದ್ದೆವು. ಅರ್ಜಿ ವಾಪಸಾಯಿತು. ಇವಳು ನಮ್ಮ ದೇಶದವಳು, ಹೊರಗಿನವರ ಸೀಟು ಇವಳಿಗೆ ಸಲ್ಲದು, ಇಲ್ಲಿನ ಮಕ್ಕಳಂತೆ ನಮ್ಮ ಭಾಷೆಯಲ್ಲೇ ಪರೀಕ್ಷೆ ಬರೆಯಲಿ ಎಂದಿದ್ದರು. ಇನೇಶ್ ಅತ್ತಳು. ನೀನು ಮಾತ್ರ, "ಇನ್ನೊಂದ್ಸಲ ಓದೇ. ಹೊರಗಿನವಳಲ್ಲ ಅಂದ್ರಾ? ಈ ಅಮೆರಿಕದಲ್ಲಿ ಇಷ್ಟು ವರ್ಷ ದುಡಿದ್ರೂ ನನಗ್ಯಾರೂ ಹಾಗಂದಿಲ್ಲ ನೋಡು" ಎಂದೆ.

ಅಂದಿನಿಂದ ಎಲೆಕೋಸಿನ ಸೂಪು ಆರಿಹೋದರೂ ನಿಮ್ಮಿಬ್ಬರ ಪೋರ್ಚುಗೀಸ್ ಪಾಠ ಮುಗಿಯುತ್ತಿರಲಿಲ್ಲ. ನೀನು ಕಲಿಸುತ್ತಿದ್ದುದು ನೀನು ಹುಟ್ಟಿದ ಪೋರ್ಚುಗಲ್ ದ್ವೀಪದ, ಹಸು ಮೇಯಿಸುವವರ ಮಾತು. ಪಕ್ಕದ ಮನೆಯ ಜುಲ್ಮೀರಾ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಛೇಡಿಸುತ್ತಿದ್ದಳು: "ನಿನ್ನ ದ್ವೀಪದ ಮಾತು ಮೇಷ್ಟ್ರಿಗೆ ತಿಳಿಯಲ್ಲ ಕಣಯ್ಯಾ, ಹಸುಗಳಿಗೆ ತಿಳಿಯುತ್ತೆ!"

"ನಮ್ಮ ಹಸುಗಳು ನಿನಗಿಂತ ಜಾಣ ಇದ್ವು ಬಿಡೇ."

ಪರೀಕ್ಷೆಗೆ ಮೊದಲೇ ನೀನು ಹೋದೆ. ಅವಳು ಇನ್ನು ಬರೆಯಲಾರಳು ಅಂದುಕೊಂಡಿದ್ದೆ. ಬರೆದಳು. ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳಿಗೆಂದು ಆ ದೇಶ ತೆಗೆದಿಟ್ಟ ಸೀಟುಗಳಲ್ಲಿ ಒಂದು ಅವಳದಾಯಿತು. ಬಿಟ್ಟುಹೋದವರಿಗೂ ಅಲ್ಲಿ ಜಾಗ ಹಿಡಿದಿಟ್ಟಿದ್ದರು, ಅಪ್ಪ! ನಿನಗೆ ಇದನ್ನು ಹೇಳಬೇಕಿತ್ತು.

ಈ ಮೇ ತಿಂಗಳಲ್ಲಿ ನಾನೂ ಹೋಗಿಬಂದೆ. ಅಲ್ಲಿ ಓದುವ ಮಕ್ಕಳು ಕರಿಯ ಉಣ್ಣೆಯ ಉದ್ದ ಹೊದಿಕೆ ಹೊದೆಯುತ್ತಾರೆ. ಅಲ್ಲಿನ ಪದ್ಧತಿಯಂತೆ ಮನೆಯವರು, ಗೆಳೆಯರು ಅದರ ಅಂಚನ್ನು ಹರಿಯಬೇಕು. ಒಂದೊಂದು ಹರುಕು ಬೇಕಾದವರೊಬ್ಬರ ಗುರುತು. ಪರದೆ ಕಾರ್ಖಾನೆಯಲ್ಲಿ ಬದುಕಿಡೀ ಹೊಲಿದವಳು ನಾನು, ಅಷ್ಟು ಒಳ್ಳೆಯ ಬಟ್ಟೆ ಹರಿಯಲು ಕೈಯೇ ಬರಲಿಲ್ಲ.

"ಹರಿ, ಅಮ್ಮಾ! ಆಮೇಲೆ ಕದ್ದು ಹೊಲಿಗೆ ಹಾಕ್ಬೇಡ ಮತ್ತೆ," ಎಂದು ಇನೇಶ್ ನಕ್ಕಳು.

ನನ್ನದನ್ನು ಹರಿದೆ. ಆಗ ಅವಳು ಅಂಚನ್ನು ಪಕ್ಕಕ್ಕೆ ಸರಿಸಿ ಹಿಡಿದಳು. "ಇದು ಅಜ್ಜಂದು," ಅಂದಳು. ಈಗ ನಗುತ್ತಿರಲಿಲ್ಲ.

ಬಟ್ಟೆ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ಪರ್ರೆಂದು ಹರಿದಾಗ ವಿಶ್ವವಿದ್ಯಾಲಯದ ಆ ಕಲ್ಲಂಗಳದಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸುತ್ತಲೂ ಎಲ್ಲರ ಮನೆಯವರೂ ಹರಿಯುತ್ತಿದ್ದರು. ನಾವೂ ಅವರಂತೆಯೇ ಇದ್ದೆವು.

ಅವಳ ಹೆಗಲ ಮೇಲೆ ನಿನ್ನ ಜಾಗ ನಿನಗಿದೆ. ಅಲ್ಲಿದ್ದುಕೊಂಡು ಅವಳನ್ನು ಹರಸುತ್ತಿರು.

ನಿನ್ನ ಮಗಳು,
ಫಿಲೊಮೆನಾ